ಸಿಸ್ಟರ್, ಒಂದು ಪ್ರಶ್ನೆ: ಕ್ಯಾಥೆಟರ್ ಹಾಕ್ಕೊಳ್ಳೋದು ಇಷ್ಟು ಕಷ್ಟ ಯಾಕಿರ್ಬೇಕು?

ಹೋದ ತಿಂಗಳು ಮೂತ್ರಕೋಶ ಪೂರ್ತಿ ಖಾಲಿ ಆಗದೆ ಉಳಿಯೋ ತೊಂದರೆ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳು ಹೆಚ್ಚುಕಮ್ಮಿ ಎಲ್ಲಾ ಕ್ಯಾಥೆಟರ್ ಬಗ್ಗೇನೇ, ಅಂದ್ರೆ ಉಚ್ಚೆ ಹೊರಗೆ ತೆಗೆಯೋಕೆ ಮೂತ್ರನಾಳದೊಳಗೆ ಹಾಕೋ ಸಪೂರ ಟ್ಯೂಬ್. ಹೆಸರು ಹಾಕ್ಬೇಡಿ ಅಂತ ಬಹಳ ಜನ ಕೇಳ್ಕೊಂಡಿದಾರೆ, ಅದಕ್ಕೆ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮಸ್ಕಾರ್ರೀ ಸಿಸ್ಟರ್. ನಾ ಧಾರವಾಡದಾಂವ, ಇಲ್ಲಿ ಪುಣೇದಾಗ ಪ್ರಾಡಕ್ಟ್ ಡಿಸೈನ್ ಕಲೀಲಿಕತ್ತೀನಿ. ನಮ್ಮ ಸೋದರಮಾವಗ ಬೈಕ್ ಆಕ್ಸಿಡೆಂಟ್‌ನ್ಯಾಗ ಕುತ್ತಿಗಿ ಹತ್ರ ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಮ್ಯಾಲ ಅದಾರ. ತೋಳು ಎತ್ತತಾರ, ಮಣಿಕಟ್ಟು ಎತ್ತತಾರ, ಬೆರಳು ಮಾತ್ರ ಮಡಚಾಕ ಬರೂದಿಲ್ಲ. ದಿನಕ್ಕ ಐದು ಸಲ ಅತ್ತೀನ ಕ್ಯಾಥೆಟರ್ ಹಾಕಬೇಕು, ಆಕಿಗೆ ಮನಿ ಬಿಟ್ಟು ಒಂದ್ ಮದಿವಿಗೂ ಹೋಗಾಕ ಆಗವಲ್ದು. ಮಾವಾರು ತಾವ ಹಾಕ್ಕೊಳ್ಳೋ ಹಂಗ ಒಂದು ಕ್ಯಾಥೆಟರ್ ಮಾಡಬೇಕಂತ ಫೈನಲ್ ಇಯರ್ ಪ್ರಾಜೆಕ್ಟ್ ತಗೊಂಡೀನಿ. ನಮ್ಮ ಗೈಡ್ ಕೇಳ್ತಾರ, ಅದೊಂದು ಪೈಪ್, ಅದರಾಗ ಡಿಸೈನ್ ಮಾಡೂದು ಏನೈತಿ ಅಂತ. ಎಲ್ಲಿಂದ ಶುರು ಮಾಡ್ಲಿ? (ಪುಣೆ, ಕೋಥ್ರೂಡ್)

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ನಂಗೆ ತುಂಬಾ ಸಂತೋಷ ಆಯ್ತು. ಗೈಡಿಗೆ ಮೊದ್ಲು ಈ ಕಥೆ ಹೇಳು. ಬೆನ್ನುಹುರಿಗೆ ಪೆಟ್ಟಾದವರು ಹಿಂದಿನ ಕಾಲದಲ್ಲಿ ಪೆಟ್ಟಿಂದ ಉಳ್ಕೊಂಡ್ರೂ ಆಮೇಲೆ ಉಚ್ಚೆ ಕಟ್ಟಿ, ಇನ್ಫೆಕ್ಷನ್ ಕಿಡ್ನಿಗೆ ಏರಿ ತೀರ್ಕೊಳ್ತಿದ್ರು. ಎರಡನೇ ಮಹಾಯುದ್ಧದ ಟೈಮಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಲಿ ಲುಡ್ವಿಗ್ ಗಟ್‌ಮನ್ ಅನ್ನೋ ಡಾಕ್ಟ್ರು ಇಂಥವರ ವಾರ್ಡ್ ಶುರು ಮಾಡಿದ್ರು, ಟ್ಯೂಬನ್ನ ಒಳಗೇ ಬಿಟ್ಟುಬಿಡೋ ಬದಲು ಆಗಾಗ ಹಾಕಿ ತೆಗೆಯೋ ಪದ್ಧತಿ ಅಲ್ಲಿ ಬೆಳೀತು, ಆದ್ರೆ ಅದು ಪೂರ್ತಿ ಸ್ಟೆರೈಲ್ ಆಗಿ, ಅಂದ್ರೆ ಒಂದು ಕ್ರಿಮಿಯೂ ಇಲ್ಲದ ಹಾಗೆ, ಆಸ್ಪತ್ರೆಯವರೇ ಮಾಡೋ ಕೆಲಸ ಆಗಿತ್ತು. 1972ರಲ್ಲಿ ಅಮೆರಿಕದ ಮಿಶಿಗನ್ ಯೂನಿವರ್ಸಿಟಿಯ ಜ್ಯಾಕ್ ಲ್ಯಾಪಿಡಿಸ್ ಅನ್ನೋ ಯೂರಾಲಜಿಸ್ಟ್ ಒಂದು ದೊಡ್ಡ ಮಾತು ಹೇಳಿದ್ರು: ಕೈ ಸೋಪಲ್ಲಿ ತೊಳೆದು ಸ್ವಚ್ಛ ಟ್ಯೂಬ್ ತಗೊಂಡು ಪೇಷಂಟ್ ತಾನೇ ಹಾಕ್ಕೊಳ್ಳಬಹುದು, ಮುಖ್ಯ ಏನಂದ್ರೆ ಮೂತ್ರಕೋಶ ಬಿಗಿಯಾಗಿ ಹಿಗ್ಗೋಕೆ ಬಿಡಬಾರದು. ಹಿಗ್ಗಿದ ಗೋಡೆಗೆ ರಕ್ತ ಓಡಾಟ ಕಮ್ಮಿ ಆಗತ್ತೆ, ಕ್ರಿಮಿ ಅಲ್ಲಿ ಸುಲಭಕ್ಕೆ ಬೇರು ಬಿಡತ್ತೆ, ಅದಕ್ಕೇ ಟೈಮಿಗೆ ಸರಿಯಾಗಿ ಖಾಲಿ ಮಾಡೋದೇ ಅರ್ಧ ಔಷಧಿ ಅಂತ. ಇವತ್ತು ಜಗತ್ತಲ್ಲಿ ಎಲ್ಲರೂ ಸಿಐಸಿ (ಕ್ಲೀನ್ ಇಂಟರ್ಮಿಟೆಂಟ್ ಕ್ಯಾಥೆಟರೈಸೇಶನ್, ಸ್ವಚ್ಛವಾಗಿ ಆಗಾಗ ಟ್ಯೂಬ್ ಹಾಕಿ ತೆಗೆಯೋದು) ಅಂತ ಮಾಡೋದು ಇದನ್ನೇ.

ಇದರಿಂದ ಡಿಸೈನ್ ಮಾಡೋರು ತಿಳ್ಕೋಬೇಕಾದ್ದು ಇದು. ಹಾಕ್ಕೊಳ್ಳೋದು ಕಷ್ಟ ಇದ್ರೆ ಮನುಷ್ಯ ಮುಂದೂಡ್ತಾನೆ. "ಆಮೇಲೆ ಮಾಡೋಣ, ಅವಳು ಮಾರ್ಕೆಟ್ಟಿಂದ ಬರ್ಲಿ" ಅಂತಾನೆ. ಮುಂದೂಡಿದ್ರೆ ಒಳಗೆ 500 ಎಂಎಲ್ ದಾಟತ್ತೆ, ಪ್ರೆಶರ್ ಕಿಡ್ನಿ ಕಡೆ ತಿರುಗತ್ತೆ, ಜ್ವರ ಬರತ್ತೆ. ಹಾಗಾಗಿ ಸುಲಭ ಮಾಡೋದು ಅಂದ್ರೆ ಶೋಕಿ ಅಲ್ಲಪ್ಪ, ಕಿಡ್ನಿ ಉಳಿಸೋ ಕೆಲಸ. ಪ್ರಾಜೆಕ್ಟ್ ರಿಪೋರ್ಟಿನ ಮೊದಲನೇ ಪುಟದಲ್ಲಿ ಇದನ್ನ ಬರಿ.

ಈಗ ಮಾವನ ಕೈಗೆ ಬರೋಣ. ಮಣಿಕಟ್ಟು ಎತ್ತೋಕಾಗತ್ತೆ ಅಂದ್ಯಲ್ಲ, ಅದು ಬಹಳ ದೊಡ್ಡ ಆಸ್ತಿ. ಮಣಿಕಟ್ಟು ಮೇಲಕ್ಕೆ ಎತ್ತಿದಾಗ ಬೆರಳು ತನ್ನಷ್ಟಕ್ಕೆ ಒಳಗೆ ಮಡಚತ್ತೆ, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಬಂದು ತಾಗತ್ತೆ, ಥೆರಪಿಸ್ಟ್‌ಗಳು ಟೆನೋಡೆಸಿಸ್ ಹಿಡಿತ ಅಂತಾರೆ. ಈ ಹಿಡಿತದಲ್ಲಿ ಹಗುರ ಸಾಮಾನು ಹಿಡೀಬಹುದು, ಬಲ ಹಾಕಿ ಚಿವುಟೋಕೆ ಎಳೆಯೋಕೆ ಆಗಲ್ಲ. ನಮ್ಮ ಮೆಡಿಕಲ್ ಶಾಪಲ್ಲಿ ಸಿಗೋ ಸಾದಾ ನೆಲಾಟನ್ ಕ್ಯಾಥೆಟರ್ (ಬಲೂನಿಲ್ಲದ ನೇರ ಟ್ಯೂಬ್) ಪ್ಯಾಕೆಟ್ ತಗೊಂಡು ನೋಡು. ಒಂದು ಮೂಲೇಲಿ ಕಾಗದ ಮತ್ತೆ ಪ್ಲಾಸ್ಟಿಕ್ ಎರಡು ಪದರ ಅಂಟಿರತ್ತೆ, ಎರಡೂ ಕೈಯಿಂದ ಚಿವುಟಿ ಬಿಡಿಸಿ ಹರೀಬೇಕು, ಅಂದ್ರೆ ಟ್ಯೂಬ್ ಇನ್ನೂ ಕೈಗೇ ಬಂದಿಲ್ಲ, ಮಾವ ಆಗ್ಲೇ ಸೋತ್ರು. ಹಲ್ಲಲ್ಲಿ ಕಚ್ಚಿ ಹರಿಯೋರು ಇದಾರೆ, ಸ್ವಚ್ಛತೆಗೆ ಅದು ಒಳ್ಳೇದಲ್ಲ. ಅದೇ ಮೂಲೇಲಿ ಹೆಬ್ಬೆರಳು ತೂರೋ ಅಷ್ಟು ದೊಡ್ಡ ರಿಂಗ್ ಇದ್ರೆ, ಪ್ಯಾಕೆಟ್ಟಿನ ಹಿಂದೆ ವೀಲ್‌ಚೇರ್ ಕೈಗೋ ಗೋಡೆಗೋ ಅಂಟಿಸೋ ಸ್ಟಿಕ್ಕರ್ ಇದ್ರೆ, ಒಂದೇ ಕೈ ಎಳೆತಕ್ಕೆ ತೆರೆಯತ್ತೆ. ಹೊರದೇಶದ ಕೆಲವು ಕಂಪನಿಗಳು ಈ ಥರ ಈಗಾಗ್ಲೇ ಕೊಡ್ತಾ ಇದಾವೆ, ಆದ್ರೆ ಅವು ದುಬಾರಿ, ಎಲ್ಲಾ ಅಂಗಡಿಲೂ ಸಿಗಲ್ಲ.

ಎರಡನೇ ಸೋಲು ಟ್ಯೂಬ್ ಹಿಡಿಯೋದ್ರಲ್ಲಿ. 12 ನಂಬರ್ ಟ್ಯೂಬ್ ಅಂದ್ರೆ 4 ಮಿಲಿಮೀಟರ್ ದಪ್ಪ, ಫ್ರೆಂಚ್ ಅಳತೇಲಿ ಮೂರು ನಂಬರಿಗೆ ಒಂದು ಮಿಲಿಮೀಟರ್. ಇಷ್ಟು ಸಪೂರದ್ದನ್ನ, ಅದೂ ಜೆಲ್ಲಿ ಹಚ್ಚಿ ಜಾರ್ತಾ ಇರೋದನ್ನ, ಬೆರಳು ಬರದ ಕೈ ಹೇಗೆ ಹಿಡೀಬೇಕು? ಗಂಡಸರ ಮೂತ್ರನಾಳ ಹತ್ತಿರ ಹತ್ತಿರ 20 ಸೆಂಟಿಮೀಟರ್, ಅಷ್ಟುದ್ದ ತಳ್ಳಬೇಕು. ತೀರಾ ಮೆತ್ತಗಿದ್ರೆ ದಾರೀಲೇ ಬಾಗತ್ತೆ, ತೀರಾ ಬಿಗಿ ಇದ್ರೆ ಒಳಗೆ ಕೆರೆದು ರಕ್ತ ಬರತ್ತೆ. 1983ರಲ್ಲಿ ಸ್ವೀಡನ್ನಿಂದ ಹೈಡ್ರೋಫಿಲಿಕ್ ಕೋಟಿಂಗ್ ಟ್ಯೂಬ್ ಬಂತು, ನೀರು ತಾಗಿದ್ರೆ ಟ್ಯೂಬ್ ಮೈ ಎಲ್ಲಾ ಲೋಳೆ ಥರ ಆಗತ್ತೆ, ಒಳಗೆ ಉಜ್ಜೋದು ಎಷ್ಟೋ ಕಮ್ಮಿ. ಒಳಗೆ ಜಾರೋದು ಹೊರಗೆ ಕೈಯಲ್ಲೂ ಜಾರತ್ತಲ್ಲ, ಅದಕ್ಕೆ ಟ್ಯೂಬ್ ಮೇಲೆ ಓಡಾಡೋ, ಅಂಗಿ ತೋಳಿನ ಥರದ ಒಂದು ತೆಳು ಕವರ್ ಹಾಕಿದ್ರು, ಅದನ್ನ ಹಿಡಿದು ತಳ್ಳಿದ್ರೆ ಕೈ ಟ್ಯೂಬಿಗೆ ತಾಗೋದೇ ಇಲ್ಲ. ನೀನು ಇಲ್ಲಿ ಕೆಲಸ ಮಾಡಬಹುದು: ಬೆರಳುಗಳ ನಡುವೆ ಸಿಕ್ಕಿಸೋ ಅಗಲವಾದ ಹಿಡಿ, ಅಂಗೈಗೆ ವೆಲ್ಕ್ರೋದಲ್ಲಿ ಕಟ್ಟೋ ಒಂದು ಪಟ್ಟಿ, ಅದರಲ್ಲಿ ಟ್ಯೂಬನ್ನ ಕಚ್ಚಿ ಹಿಡಿಯೋ ಕ್ಲಿಪ್ಪು. ಇದ್ಯಾವುದೂ ದೇಹದ ಒಳಗೆ ಹೋಗಲ್ಲ ಅನ್ನೋದನ್ನ ಗಮನಿಸು. ದೇಹದ ಒಳಗೆ ಹೋಗೋ ವಸ್ತು ಮುಟ್ಟಿದ್ರೆ ಐಎಸ್ಒ 10993 ಪ್ರಕಾರ ಬಯೋಕಂಪ್ಯಾಟಿಬಿಲಿಟಿ ಟೆಸ್ಟು (ದೇಹಕ್ಕೆ ಒಗ್ಗತ್ತಾ ಅಂತ ನೋಡೋದು), 2017ರ ಮೆಡಿಕಲ್ ಡಿವೈಸ್ ರೂಲ್ಸು, ಲೈಸೆನ್ಸು, ಒಂದು ವರ್ಷದ ಪ್ರಾಜೆಕ್ಟಲ್ಲಿ ಮುಗಿಯೋದಲ್ಲ. ಪ್ಯಾಕೆಟ್, ಹಿಡಿ, ಸ್ಟ್ಯಾಂಡ್, ಪ್ಯಾಂಟಿನ ಜಿಪ್ ಇವನ್ನ ನೀನು ಥ್ರೀಡಿ ಪ್ರಿಂಟರಲ್ಲಿ, ಟೈಲರ್ ಹತ್ರ ಮಾಡಿ ಮಾವನ ಕೈಲೇ ಕೊಟ್ಟು ನೋಡಬಹುದು. ಪ್ಯಾಂಟ್ ಅಂದೆ ನೋಡು, ಅದನ್ನ ಎಲ್ಲರೂ ಮರೀತಾರೆ. ವೀಲ್‌ಚೇರಲ್ಲಿ ಕೂತೋರಿಗೆ ಮಾಮೂಲಿ ಜಿಪ್ ಕೈಗೆ ಸಿಗೋದಿಲ್ಲ, ಕೆಳಗಿನವರೆಗೆ ಉದ್ದ ಜಿಪ್ ಬೇಕು, ಜಿಪ್ಪಿನ ತುದಿಗೆ ದೊಡ್ಡ ಕುಣಿಕೆ ಬೇಕು. ಟ್ಯೂಬಿನ ಹಿಂಭಾಗಕ್ಕೆ ಉದ್ದದ ಪೈಪ್ ಸೇರಿಸೋ ಹಾಗಿದ್ರೆ ಕುರ್ಚಿಯಿಂದ ಕಮೋಡಿಗೆ ಇಳೀದೇನೇ ಕೆಲಸ ಮುಗಿಯತ್ತೆ.

ಗೈಡಿಗೆ ಇನ್ನೊಂದು ತೋರಿಸು. ಟ್ಯೂಬ್ ತುದಿ ಹತ್ರ ಪಕ್ಕದಲ್ಲಿ ಎರಡು ತೂತಿರತ್ತೆ. ಕಮ್ಮಿ ಬೆಲೆಯದ್ದರಲ್ಲಿ ತೂತಿನ ಅಂಚು ಒರಟಾಗಿರಬಹುದು, ಬೆರಳ ತುದಿ ಆಡಿಸಿದ್ರೆ ಗೊತ್ತಾಗತ್ತೆ. ಉಚ್ಚೆ ಮುಗೀತಾ ಬಂದಾಗ ಮೂತ್ರಕೋಶದ ಒಳಪದರ ಆ ತೂತಿಗೆ ಎಳೆದುಕೊಂಡು ಅಂಟ್ಕೊಳತ್ತೆ, ಹರಿವು ನಿಲ್ಲತ್ತೆ, ಜನ ಮುಗೀತು ಅಂತ ತೆಗೆದುಬಿಡ್ತಾರೆ, ಒಳಗೆ ಇನ್ನೂ ಉಳಿದಿರತ್ತೆ. ಅದಕ್ಕೇ ನಾವು ಹೇಳಿಕೊಡೋದು, ಒಂದೊಂದೇ ಸೆಂಟಿಮೀಟರ್ ನಿಧಾನ ಹಿಂದಕ್ಕೆಳಿ, ಮತ್ತೆ ಹರಿದ್ರೆ ಅಲ್ಲೇ ನಿಲ್ಲಿಸು ಅಂತ. ಎರಡು ದೊಡ್ಡ ತೂತಿನ ಬದಲು ಸಣ್ಣ ಸಣ್ಣ ತೂತುಗಳ ಸಾಲು ಇರೋ ಟ್ಯೂಬ್ ಇತ್ತೀಚಿನ ವರ್ಷಗಳಲ್ಲಿ ಬಂದಿದೆ, ಎಳೆತ ಹಂಚಿಹೋಗತ್ತೆ, ಹಿಂದೆ ಮುಂದೆ ಆಡಿಸೋ ಕಷ್ಟ ಕಮ್ಮಿ. ಅದೊಂದು ಪೈಪ್ ಅಂದವರು ಈ ತೂತನ್ನ ನೋಡಿಲ್ಲ.

ಎಲ್ಲಿ ನೋಡಬೇಕು ಅಂದ್ರೆ, ಪುಣೇಲೇ ಖಡ್ಕಿಲಿ ಬೆನ್ನುಹುರಿ ಪೆಟ್ಟಾದ ಸೈನಿಕರ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್ ಇದೆ, ಮುಂಬೈಲಿ ಹಾಜಿ ಅಲಿ ಹತ್ರ ಫಿಸಿಕಲ್ ಮೆಡಿಸಿನ್ ರಿಹ್ಯಾಬಿಲಿಟೇಶನ್ ಕೇಂದ್ರ ಸಂಸ್ಥೆ ಇದೆ, ಪೊವಾಯಿ ಐಐಟಿಲಿ ಬೆಟಿಕ್ ಅಂತ ಮೆಡಿಕಲ್ ಉಪಕರಣಗಳ ಮೇಲೇ ಕೆಲಸ ಮಾಡೋ ಸೆಂಟರ್ ಇದೆ. ಕಾಲೇಜಿನ ಪತ್ರ ತಗೊಂಡು ಹೋಗು, ಪೇಷಂಟ್ ಮೇಲೆ ಏನೇ ಟೆಸ್ಟ್ ಮಾಡೋಕೂ ಮುಂಚೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಆದ್ರೆ ಎಲ್ಲಕ್ಕಿಂತ ಮುಂಚೆ ಅತ್ತೆ ಹತ್ರ ಕೂತು ಕೇಳು. ಯಾವ ಹೊತ್ತಲ್ಲಿ ಕಷ್ಟ, ರಾತ್ರಿನಾ, ಯಾವಾಗ ಜಾರಿ ಬಿತ್ತು, ಯಾವಾಗ ಅಳು ಬಂತು ಅಂತ. ದಿನಾ ಐದು ಸಲ ಆ ಟ್ಯೂಬ್ ಹಿಡಿಯೋರು ಅವರು.

ಒಂದು ಎಚ್ಚರಿಕೆ, ಇದನ್ನ ಮನೆಯಲ್ಲಿ ಎಲ್ಲರಿಗೂ ಹೇಳು. ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಮಟ್ಟದಲ್ಲಿ ಪೆಟ್ಟಾದವರಿಗೆ ಮೂತ್ರಕೋಶ ತುಂಬಿ ಬಿಗಿದ್ರೆ ಇದ್ದಕ್ಕಿದ್ದಂಗೆ ಬಿಪಿ ಏರತ್ತೆ, ತಲೆ ಸಿಡಿಯತ್ತೆ, ಮುಖ ಕೆಂಪಾಗಿ ಬೆವರತ್ತೆ. ತಕ್ಷಣ ನೆಟ್ಟಗೆ ಕೂರಿಸಿ ಮೂತ್ರಕೋಶ ಖಾಲಿ ಮಾಡಬೇಕು, ಕಮ್ಮಿ ಆಗ್ಲಿಲ್ಲ ಅಂದ್ರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಸಿಸ್ಟರ್, ನಾನು ಡೊಂಬಿವಲಿಯಿಂದ ಮುಂಬೈ ಫೋರ್ಟ್ ಆಫೀಸಿಗೆ ದಿನಾ ಲೋಕಲ್ ಟ್ರೇನಲ್ಲಿ ಹೋಗ್ತೀನಿ. ಬೆನ್ನು ಆಪರೇಷನ್ ಆದ್ಮೇಲೆ ಉಚ್ಚೆ ತಾನಾಗಿ ಬರ್ತಿಲ್ಲ, ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ ಹಾಕ್ಕೊಳ್ಳಿ ಅಂದಿದಾರೆ. ಮನೇಲಿ ಆಗತ್ತೆ, ಹೊರಗೆ ಆಗೋದೇ ಇಲ್ಲ. ಅದಕ್ಕೆ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಮೂರು ಸಲ ಇನ್ಫೆಕ್ಷನ್ ಆಯ್ತು. (ಡೊಂಬಿವಲಿ)

ಉತ್ತರ: ನೀರು ಬಿಡಬೇಡಿ ಅಕ್ಕ, ದಯವಿಟ್ಟು. ನೀರು ಬಿಟ್ರೆ ಉಚ್ಚೆ ಗಟ್ಟಿಯಾಗತ್ತೆ, ಇನ್ಫೆಕ್ಷನ್ ಇನ್ನೂ ಜಾಸ್ತಿ. ಲೋಕಲಲ್ಲಿ ಟಾಯ್ಲೆಟ್ ಇಲ್ಲ, ಸ್ಟೇಷನ್ ಟಾಯ್ಲೆಟಲ್ಲಿ ಬಾಗಿಲಿಗೆ ಒಂದು ಕೊಕ್ಕೆ ಇದ್ರೆ ಪುಣ್ಯ, ನೆಲ ಒದ್ದೆ, ಸಾಮಾನು ಇಡೋಕೆ ಒಂದು ಹಲಗೆ ಇಲ್ಲ. ಎರಡು ಕೈ ಬೇಕಾದ ಕೆಲಸ, ಒಂದು ಕೈಯಲ್ಲಿ ಪರ್ಸ್, ಹೆಗಲಲ್ಲಿ ದುಪಟ್ಟಾ. ಕ್ಯಾಥೆಟರ್ ಡಿಸೈನ್ ಅಂದ್ರೆ ಈ ಟಾಯ್ಲೆಟ್ಟೂ ಸೇರಿ ಅಂತ ನಾನು ಹೇಳೋದು ಇದಕ್ಕೇ.

ಈಗ ನಿಮ್ಮ ಕೈಲಿ ಆಗೋದು ಹೇಳ್ತೀನಿ. ಕುತ್ತಿಗೆಗೆ ಹಾಕ್ಕೊಳ್ಳೋ ಸಣ್ಣ ಪೌಚ್ ಹೊಲಿಸ್ಕೊಳ್ಳಿ, ಎದೆ ಮುಂದೆ ತೆರೆಯೋ ಹಾಗೆ, ಒಳಗೆ ಟ್ಯೂಬ್, ವೈಪ್ಸ್, ಸ್ಯಾನಿಟೈಜರ್, ಬಳಸಿದ್ದು ಹಾಕೋ ಜಿಪ್ ಕವರ್, ಆಗ ಯಾವುದನ್ನೂ ಕೆಳಗಿಡೋ ಪ್ರಶ್ನೆನೇ ಇಲ್ಲ. ಹೆಂಗಸರ ಮೂತ್ರನಾಳ 4 ಸೆಂಟಿಮೀಟರ್ ಆಸುಪಾಸು ಅಷ್ಟೇ, ಗಂಡಸರ 40 ಸೆಂಟಿಮೀಟರ್ ಟ್ಯೂಬ್ ಹಿಡಿದು ಒದ್ದಾಡ್ಬೇಡಿ, ಅಂಗಡೀಲಿ ಫೀಮೇಲ್ ಲೆಂತ್ ಅಂತಾನೇ ಕೇಳಿ. ಬ್ಯಾಗಲ್ಲಿ ಯಾರಿಗೂ ಗೊತ್ತಾಗದ ಹಾಗೆ ಲಿಪ್‌ಸ್ಟಿಕ್ ಡಬ್ಬಿ ಥರ ಬರೋ ಪುಟ್ಟ ಕ್ಯಾಥೆಟರ್ ಇದಾವೆ, ಮೊದಲೇ ಒದ್ದೆ ಮಾಡಿಟ್ಟಿರ್ತಾರೆ, ಮುಚ್ಚಳ ತೆಗೆದು ಹಾಕೋದಷ್ಟೇ. ಬೆಲೆ ಜಾಸ್ತಿ, ದಿನಕ್ಕೆ ಐದು ಅಂದ್ರೆ ತಿಂಗಳಿಗೆ 150 ಬೇಕು, ಎಲ್ಲರ ಕೈಲಿ ಆಗಲ್ಲ. ಮನೇಲಿ ಸಾದಾದು, ಆಫೀಸಿನ ಎರಡು ಹೊತ್ತಿಗೆ ಮಾತ್ರ ಇದು ಅಂತ ಹಂಚ್ಕೊಂಡ್ರೆ ಸ್ವಲ್ಪ ಭಾರ ಇಳಿಯತ್ತೆ. ಮನೆ ಬಿಡೋ ಮುಂಚೆ ಒಂದು ಸಲ, ಆಫೀಸ್ ತಲುಪಿದ್ಮೇಲೆ ಒಂದು ಸಲ ಮಾಡಿ, ಗಾಡಿ ಲೇಟಾದ್ರೂ ಗಾಬರಿ ಇರಲ್ಲ. ಆಫೀಸಲ್ಲಿ ಒಬ್ಬ ಹೆಂಗಸು ಸಹೋದ್ಯೋಗಿಗೆ ಹೇಳಿಡಿ, ಟಾಯ್ಲೆಟಲ್ಲಿ ಒಂದು ಕೊಕ್ಕೆ, ಒಂದು ಹಲಗೆ ಹಾಕ್ಸೋಕೆ ಅಡ್ಮಿನ್‌ಗೆ ಲೆಟರ್ ಕೊಡಿ, ಕೇಳೋದು ನಿಮ್ಮ ಹಕ್ಕು. ಮೂರು ಸಲ ಇನ್ಫೆಕ್ಷನ್ ಆಗಿದೆ ಅಂದ್ರೆ ಯೂರಾಲಜಿಸ್ಟ್ ಹತ್ರ ಉಚ್ಚೆಯ ಕಲ್ಚರ್ ಟೆಸ್ಟ್ (ಯಾವ ಕ್ರಿಮಿ ಅಂತ ನೋಡೋದು) ಮತ್ತೆ ಸೋನೋಗ್ರಫಿ ಮಾಡಿಸ್ಕೊಳ್ಳಲೇಬೇಕು.

ಪ್ರಶ್ನೆ: ಅಪ್ಪಾರಿಗೆ ಪ್ರಾಸ್ಟೇಟ್ ದೊಡ್ಡದಾಗಿ ಉಚ್ಚೆ ಬಂದ್ ಆಗಿತ್ತು, ಪೈಪ್ ಹಾಕಿ ಬ್ಯಾಗ್ ಕಟ್ಟಿ ಕಳಿಸ್ಯಾರ. ಆಪರೇಷನ್‌ಗೆ ಹಾರ್ಟ್ ಡಾಕ್ಟ್ರು ಇನ್ನೂ ಒಪ್ಪಿಲ್ಲ. ಬ್ಯಾಗಿನ ನಳ ಅವರ ಕೈಗೆ ತಿರುಗವಲ್ದು, ಪೈಪ್ ಎಳದು ರಕ್ತ ಬರ್ತದ, ಆಗಾಗ ಬ್ಲಾಕ್ ಆಗ್ತದ. ಏನ್ ಮಾಡೂದು? (ವಾಸ್ಕೊ, ಗೋವಾ)

ಉತ್ತರ: ಅಪ್ಪಾರಿಗೆ ಹಾಕಿರೋದು ಫೋಲಿ ಕ್ಯಾಥೆಟರ್. 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಫೋಲಿ ಬಲೂನ್ ಸೇರಿಸಿ ಮಾಡಿದ್ದು, ಇವತ್ತಿಗೂ ಅದರ ರೂಪ ಹೆಚ್ಚು ಬದಲಾಗಿಲ್ಲ. ಒಳಗೆ 10 ಎಂಎಲ್ ನೀರು ತುಂಬಿದ ಬಲೂನು ಟ್ಯೂಬ್ ಜಾರದ ಹಾಗೆ ಹಿಡಿದಿರತ್ತೆ. ಬ್ಯಾಗ್ ಭಾರಕ್ಕೆ ಎಳೆದಾಗ ಆ ಬಲೂನೇ ಮೂತ್ರಕೋಶದ ಬಾಯಿಗೆ ಗುದ್ದತ್ತೆ, ನೋವು ರಕ್ತ ಅದರಿಂದ. ತೊಡೆಗೆ ಟ್ಯೂಬನ್ನ ಸ್ಟ್ರಾಪ್ ಹಾಕಿ ಕಟ್ಟಿ, ಸ್ವಲ್ಪ ಸಡಿಲ ಬಿಟ್ಟು, ಕಾಲು ಚಾಚಿದ್ರೂ ಎಳೀಬಾರದು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದ ಕೂಡ್ಲೇ ಬ್ಯಾಗ್ ಖಾಲಿ ಮಾಡಿ. ಬ್ಯಾಗ್ ಯಾವಾಗ್ಲೂ ಸೊಂಟಕ್ಕಿಂತ ಕೆಳಗೆ, ಆದ್ರೆ ನೆಲಕ್ಕೆ ತಾಗಬಾರದು, ಮಂಚದ ಪಕ್ಕ ಕೊಕ್ಕೆ ಹಾಕಿ.

ನಳದ ವಿಷಯ: ತಿರುಗಿಸೋದಲ್ಲದೆ ಪಕ್ಕಕ್ಕೆ ತಳ್ಳೋ ಲಿವರ್ ನಳದ ಬ್ಯಾಗ್ ಸಿಗತ್ತೆ, ಬೆರಳು ಬಿಗಿಯಾದವರು ಹೆಬ್ಬೆರಳ ಬುಡದಿಂದಲೂ ತಳ್ಳಬಹುದು. ಹಗಲಲ್ಲಿ ಕಾಲಿಗೆ ಕಟ್ಟೋ ಲೆಗ್ ಬ್ಯಾಗ್ ಕೇಳಿ, ಲುಂಗಿ ಒಳಗೆ ಕಾಣೋದಿಲ್ಲ, ಅಪ್ಪಾರು ಮತ್ತೆ ಕಟ್ಟೆಗೆ ಹೋಗಿ ಕೂರ್ತಾರೆ.

ಬ್ಲಾಕ್ ಆಗೋಕೆ ಬಹಳ ಸಲ ಕಾರಣ ಪ್ರೋಟಿಯಸ್ ಅನ್ನೋ ಬ್ಯಾಕ್ಟೀರಿಯಾ. ಅದು ಉಚ್ಚೆಯ ಯೂರಿಯಾ ಒಡೆದು ಅಮೋನಿಯಾ ಮಾಡತ್ತೆ, ಉಚ್ಚೆ ಕ್ಷಾರ ಆಗತ್ತೆ, ಟ್ಯೂಬ್ ಒಳಗೆ ಸುಣ್ಣದ ಥರ ಹರಳು ಕಟ್ಟತ್ತೆ. ಹಾಕಿರೋದು ಲ್ಯಾಟೆಕ್ಸ್ ಆದ್ರೆ ಪೂರ್ತಿ ಸಿಲಿಕೋನ್ ಟ್ಯೂಬ್ ಬಗ್ಗೆ ಡಾಕ್ಟ್ರನ್ನ ಕೇಳಿ, ಅದೇ ನಂಬರಲ್ಲಿ ಒಳದಾರಿ ಅಗಲ ಇರತ್ತೆ, ಹೆಚ್ಚು ವಾರ ಇಡಬಹುದು. ಬ್ಯಾಗಲ್ಲಿ ಉಚ್ಚೆ ಸ್ವಲ್ಪ ಮಬ್ಬು ಕಂಡ ಮಾತ್ರಕ್ಕೆ ಮೆಡಿಕಲಿಂದ ಆಂಟಿಬಯೋಟಿಕ್ ತಂದು ಕೊಡ್ಬೇಡಿ, ಟ್ಯೂಬ್ ಬಹಳ ದಿನ ಇದ್ದವರ ಉಚ್ಚೇಲಿ ಬ್ಯಾಕ್ಟೀರಿಯಾ ಇದ್ದೇ ಇರತ್ತೆ. ಜ್ವರ, ಚಳಿ, ಕಿಬ್ಬೊಟ್ಟೆ ನೋವು, ಗೊಂದಲ ಮಾತು ಬಂದ್ರೆ ಅವತ್ತೇ ಬಾಂಬೋಳಿಂ ಮೆಡಿಕಲ್ ಕಾಲೇಜಿಗೋ ಹತ್ರದ ಆಸ್ಪತ್ರೆಗೋ ಕರ್ಕೊಂಡ್ ಹೋಗಿ. ಮತ್ತೆ ಯಾವ ಕಾರಣಕ್ಕೂ ಬಲೂನಿನ ನೀರು ತೆಗೀದೆ ಟ್ಯೂಬ್ ಎಳೀಬಾರದು, ಅಪ್ಪಾರಿಗೂ ಇದನ್ನ ಕೂತು ತಿಳಿಸಿ ಹೇಳಿ.

ಪ್ರಶ್ನೆ: ಅತ್ತೆಗೆ ಶುಗರ್ ಜಾಸ್ತಿ, ಕಣ್ಣೂ ಮಂದ. ಉಚ್ಚೆ ಬಂದಿದ್ದೇ ಗೊತ್ತಾಗಲ್ಲ, ಸೋರ್ತಾ ಇರತ್ತೆ. ಸಿಐಸಿ ಕಲೀಬೇಕು ಅಂದಿದಾರೆ, ಕಣ್ಣು ಕಾಣದೆ ಹೇಗೆ? (ಮಾಟುಂಗ)

ಉತ್ತರ: ಕಣ್ಣಿಲ್ಲದೆ ಕಲ್ತವರು ಬಹಳ ಜನ ಇದಾರೆ, ಹೆದರ್ಬೇಡಿ. ಶುಗರಿಂದ ನರ ಸೋತು ಮೂತ್ರಕೋಶ ತುಂಬಿ ತುಳುಕ್ತಾ ಇರೋದು ಅದು, ಬರೀ ಪ್ಯಾಡ್ ಕಟ್ಟಿದ್ರೆ ಒಳಗಿನದು ಹಾಗೇ ಉಳಿಯತ್ತೆ. ಕನ್ನಡಿಗಿಂತ ಬೆರಳಿಗೇ ಅಭ್ಯಾಸ ಮಾಡಿಸಬೇಕು: ಎಡಗೈ ತೋರುಬೆರಳು ಮತ್ತೆ ಉಂಗುರದ ಬೆರಳಿಂದ ಯೋನಿಯ ತುಟಿ ಬಿಡಿಸಿ ಹಿಡಿಯೋದು, ನಡು ಬೆರಳಿಂದ ಮೂತ್ರದ ದ್ವಾರ ತಡವಿ ಗುರುತು ಹಿಡಿಯೋದು, ಬಲಗೈಯಿಂದ ಟ್ಯೂಬ್ ಆ ಬೆರಳಿನ ಕೆಳಗೆ ಜಾರಿಸೋದು. ತಪ್ಪಿ ಯೋನಿಗೆ ಹೋದ್ರೆ ಅದನ್ನ ತೆಗೀಬೇಡಿ, ಗುರುತಿಗೆ ಅಲ್ಲೇ ಬಿಟ್ಟು ಹೊಸ ಟ್ಯೂಬನ್ನ ಅದರ ಮೇಲ್ಗಡೆ ಹಾಕಿ, ಸರಿಯಾದ ಜಾಗ ಸಿಗತ್ತೆ, ಆಮೇಲೆ ಎರಡೂ ತೆಗೀರಿ. ಟ್ಯೂಬಿನ ಹಿಂಬದಿ ಬಣ್ಣ ನಂಬರ್ ಹೇಳತ್ತೆ, 12ಕ್ಕೆ ಬಿಳಿ, 14ಕ್ಕೆ ಹಸಿರು, ಆದ್ರೆ ಕಣ್ಣು ಕಾಣದವರಿಗೆ ಬಣ್ಣದಿಂದ ಏನು ಉಪಯೋಗ? ಕೈಗೆ ತಾಗೋ ಗೆರೆ, ಉಬ್ಬು ಬೇಕು. ಕೋಥ್ರೂಡ್ ತಮ್ಮಾ, ಇದನ್ನೂ ಬರ್ಕೋ. ಮೊದಲ ಕೆಲವು ಸಲ ಸಿಸ್ಟರ್ ಪಕ್ಕದಲ್ಲಿರಬೇಕು, ಕಲಿಸದೆ ಕೈಗೆ ಟ್ಯೂಬ್ ಕೊಟ್ಟು ಕಳಿಸಿದ್ರೆ ಒಪ್ಕೋಬೇಡಿ.

ಪ್ರಶ್ನೆ: ಒಂದೇ ಟ್ಯೂಬ್ ತೊಳೆದು ಮತ್ತೆ ಬಳಸಬಹುದಾ? (ಠಾಣೆ)

ಉತ್ತರ: ಪ್ಯಾಕೆಟ್ ಮೇಲೆ ಒಂದೇ ಸಲಕ್ಕೆ ಅಂತ ಇರತ್ತೆ, ಕೈಲಾದ್ರೆ ಹಾಗೇ ಮಾಡಿ. ಕೋಟಿಂಗ್ ಇರೋದನ್ನ ಮಾತ್ರ ಎರಡನೇ ಸಲ ಮುಟ್ಲೇಬೇಡಿ, ಲೋಳೆ ಹೋದ್ಮೇಲೆ ಅದು ಒಳಗೆ ಅಂಟಿ ಕೆರೆಯತ್ತೆ. ಸಾದಾ ಟ್ಯೂಬ್ ಮತ್ತೆ ಬಳಸೋದು ನಿಮ್ಮ ಡಾಕ್ಟ್ರು ಒಪ್ಪಿದ್ರೆ ಮಾತ್ರ: ತೆಗೆದ ತಕ್ಷಣ ಸೋಪು ನೀರಲ್ಲಿ ಹೊರಗೂ ಒಳಗೂ ತೊಳೆದು, ಒಳಗಿಂದ ನೀರು ಹರಿಸಿ, ಕೊಡವಿ, ಪೂರ್ತಿ ಒಣಗಿಸಿ, ಮುಚ್ಚಳದ ಸ್ವಚ್ಛ ಡಬ್ಬಿಲಿಡಿ. ಬಣ್ಣ ಮಬ್ಬಾದ್ರೆ, ಗಡುಸಾದ್ರೆ, ಸೀಳು ಕಂಡ್ರೆ ಬಿಸಾಕಿ. ಒಬ್ಬರದು ಇನ್ನೊಬ್ಬರಿಗೆ ಬೇಡ. ಕೀಮೋ ತಗೊಳ್ತಿರೋರು, ಕಿಡ್ನಿ ಕಸಿ ಆದವರು, ಪದೇ ಪದೇ ಜ್ವರ ಬರೋರು ಪ್ರತಿ ಸಲ ಹೊಸದೇ ಹಾಕ್ಕೊಳ್ಳಿ.